ಕೋಟಾ ತುಂಬಿದ ಬ್ಲಾಕಿನಲ್ಲಿ ಮನೆ ಮಾರಿದ್ದು

ಸಿಂಗಪುರದಲ್ಲಿ ಎಚ್‌ಡಿಬಿ ಫ್ಲಾಟ್, ಅಂದರೆ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಮನೆ, ಮಾರಲು ಹೊರಟವರು ಬೆಲೆ ನಿಗದಿ ಮಾಡುವುದಕ್ಕೆ ಮೊದಲು ಇನ್ನೊಂದು ಲೆಕ್ಕವನ್ನು ನೋಡಬೇಕಾಗುತ್ತದೆ. ಮಂಡಳಿಯ ಜಾಲತಾಣದಲ್ಲಿ ಬ್ಲಾಕಿನ (ಅಂದರೆ ಕಟ್ಟಡದ) ಸಂಖ್ಯೆ, ಮಾರುವವರ ಜನಾಂಗ, ಕೊಳ್ಳುವವರ ಜನಾಂಗ ಇಷ್ಟನ್ನು ತುಂಬಿದರೆ ಆ ತಿಂಗಳು ಯಾರು ಯಾರಿಗೆ ಮಾರಬಹುದು ಎಂಬ ಉತ್ತರ ಸಿಗುತ್ತದೆ. ಪ್ರತಿ ತಿಂಗಳ 1ನೇ ತಾರೀಖು ಈ ಲೆಕ್ಕ ಹೊಸದಾಗುತ್ತದೆ. ನಾವು ಮನೆ ಮಾರಲು ನಿರ್ಧರಿಸಿದಾಗ ಬಂದ ಉತ್ತರ ಹೀಗಿತ್ತು: ನಮ್ಮ ಬ್ಲಾಕಿನಲ್ಲಿ ಚೀನೀಯರ ಮಿತಿ ತುಂಬಿದೆ; ಆದ್ದರಿಂದ ಭಾರತೀಯರೆಂದು ದಾಖಲಾದ ನಾವು ಮಲಯರಿಗೆ, ಭಾರತೀಯರಿಗೆ ಅಥವಾ ‘ಇತರ’ ಎಂಬ ವರ್ಗದವರಿಗೆ ಮನೆ ಮಾರಬಹುದು, ಚೀನೀಯರಿಗೆ ಮಾರುವಂತಿಲ್ಲ.

ಈ ನಿಯಮಕ್ಕೆ ಎಥ್ನಿಕ್ ಇಂಟಿಗ್ರೇಷನ್ ಪಾಲಿಸಿ ಎಂದು ಹೆಸರು. ಏಜೆಂಟರು ಇಐಪಿ ಎನ್ನುತ್ತಾರೆ, ಉಳಿದವರೆಲ್ಲ ಕೋಟಾ ಎಂದಷ್ಟೇ ಹೇಳುತ್ತಾರೆ. ಇದು ಜಾರಿಗೆ ಬಂದದ್ದು 1989ರ ಮಾರ್ಚ್ 1ರಂದು. ಆಗ ರಾಷ್ಟ್ರೀಯ ಅಭಿವೃದ್ಧಿ ಸಚಿವರಾಗಿದ್ದ, ಸ್ವತಃ ತಮಿಳು ಮೂಲದವರಾದ ಎಸ್. ಧನಬಾಲನ್ ಇದನ್ನು ಪ್ರಕಟಿಸಿದ್ದರು. ಎಂಬತ್ತರ ದಶಕದಲ್ಲಿ ಬೆಡೋಕ್ ಮತ್ತು ಟ್ಯಾಂಪಿನಿಸ್‌ನಲ್ಲಿ ಮಲಯರು, ಆಂಗ್ ಮೊ ಕಿಯೊ ಮತ್ತು ಹೌಗಾಂಗ್‌ನಲ್ಲಿ ಚೀನೀಯರು, ಯಿಶುನ್‌ನಲ್ಲಿ ಭಾರತೀಯರು ಗುಂಪುಗೂಡತೊಡಗಿದ್ದರು. 1964ರ ಜುಲೈ ಮತ್ತು ಸೆಪ್ಟೆಂಬರ್ ತಿಂಗಳ ಜನಾಂಗೀಯ ಗಲಭೆಗಳಲ್ಲಿ 36 ಜನ ಸತ್ತ ನೆನಪು ಇನ್ನೂ ಮಾಸದಿದ್ದ ಕಾಲ ಅದು. ಹಳೆಯ ಕೇರಿಗಳು ಹೊಸ ಕಟ್ಟಡಗಳ ರೂಪದಲ್ಲಿ ಮತ್ತೆ ಹುಟ್ಟಿಕೊಳ್ಳಬಾರದೆಂದು ಸರ್ಕಾರ ಪ್ರತಿಯೊಂದು ಬ್ಲಾಕಿಗೂ ಪ್ರತಿಯೊಂದು ಬಡಾವಣೆಗೂ ಮಿತಿ ಹಾಕಿತು. ಈಗಿನ ಪ್ರಕಾರ ಬಡಾವಣೆಯಲ್ಲಿ ಚೀನೀಯರು ಶೇ. 84, ಬ್ಲಾಕಿನಲ್ಲಿ ಶೇ. 87, ಮಲಯರು ಶೇ. 22 ಮತ್ತು 25; ಭಾರತೀಯರು ಮತ್ತು ಇತರರು ಒಟ್ಟಾಗಿ ಶೇ. 12 ಮತ್ತು 15. ಕೊನೆಯ ಗುಂಪಿನ ಮಿತಿಯನ್ನು 2010ರಲ್ಲಿ ಸ್ವಲ್ಪ ಏರಿಸಲಾಯಿತು.

ನಿಯಮ ಕೆಲಸ ಮಾಡುವ ರೀತಿಯನ್ನು ಸರಿಯಾಗಿ ತಿಳಿದುಕೊಳ್ಳದೆ ಅದು ನ್ಯಾಯವೋ ಅಲ್ಲವೋ ಎಂದು ಹೇಳಲಾಗದು. ಯಾವುದೇ ಗುಂಪಿನ ಮಿತಿ ತುಂಬಿದ ಮೇಲೆ ಆ ಗುಂಪಿನ ಮನೆಗಳ ಸಂಖ್ಯೆಯನ್ನು ಹೆಚ್ಚಿಸುವ ಮಾರಾಟಕ್ಕೆ ಅನುಮತಿ ಇಲ್ಲ. ಅದೇ ಗುಂಪಿನೊಳಗೆ ನಡೆಯುವ ಮಾರಾಟದಿಂದ ಸಂಖ್ಯೆ ಬದಲಾಗದ ಕಾರಣ ಅದಕ್ಕೆ ಅಡ್ಡಿಯಿಲ್ಲ. ಹೀಗಾಗಿ ನಮ್ಮ ಬ್ಲಾಕಿನ ಚೀನೀ ಮಾಲೀಕರು ತಮ್ಮ ಮನೆಯನ್ನು ಚೀನೀಯರಿಗೂ ಮಾರಬಹುದು, ಮಲಯರಿಗೂ ಮಾರಬಹುದು, ನಮ್ಮವರಿಗೂ ಮಾರಬಹುದು. ನಾವು ಮತ್ತು ಮಲಯ ಮಾಲೀಕರು ಮಾತ್ರ ಚೀನೀ ಕೊಳ್ಳುಗರನ್ನು ಬಿಟ್ಟು ಉಳಿದವರಲ್ಲಿ ಹುಡುಕಬೇಕು. 2020ರ ಜನಗಣತಿಯ ಪ್ರಕಾರ ಇಲ್ಲಿನ ನಿವಾಸಿಗಳಲ್ಲಿ ಚೀನೀಯರು ಶೇ. 74ಕ್ಕಿಂತ ತುಸು ಹೆಚ್ಚು, ಮಲಯರು ಶೇ. 13.5, ಭಾರತೀಯರು ಶೇ. 9. ಅಂದರೆ ಮನೆ ಮಾರಾಟಕ್ಕಿದೆ ಎಂದು ಹೇಳುವ ಮೊದಲೇ, ಬರಬಹುದಾದ ನಾಲ್ವರಲ್ಲಿ ಮೂವರು ನಮ್ಮ ಪಾಲಿಗೆ ಇಲ್ಲವಾದಂತೆ.

ಇದನ್ನು ತಿರುಗಿಸಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಭಾರತೀಯರ ಮಿತಿ ತುಂಬಿದ ಬ್ಲಾಕಿನಲ್ಲಿ ಚೀನೀ ಮಾಲೀಕರೊಬ್ಬರು ಭಾರತೀಯರಿಗೆ ಮಾರಲಾಗದು, ನಿಜ. ಆದರೆ ಅವರು ಕಳೆದುಕೊಳ್ಳುವುದು ಹತ್ತರಲ್ಲಿ ಒಬ್ಬ ಕೊಳ್ಳುಗನನ್ನು. ನಿಯಮದ ಅಕ್ಷರಗಳು ಎಲ್ಲರಿಗೂ ಒಂದೇ. ಅದರ ಭಾರ ಮಾತ್ರ ಸಂಖ್ಯೆಯಲ್ಲಿ ಕಡಿಮೆ ಇರುವವರ ಮೇಲೆ ಹೆಚ್ಚು ಬೀಳುತ್ತದೆ. ಮನೆ ಮಾರುವ ಇಡೀ ಅವಧಿಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಇದೊಂದೇ: ಒಂದು ಸಮಾಜ ಒಟ್ಟಾಗಿ ಬಾಳಬೇಕೆಂದು ಮಾಡಿಕೊಂಡ ಏರ್ಪಾಡಿನ ಬೆಲೆಯನ್ನು ಆ ಸಮಾಜದ ಕೆಲವರೇ ಏಕೆ ಕೊಡಬೇಕು?

ಮಾರುವುದಕ್ಕೆ ನಮಗೆ ಅಂಥ ಅಪರೂಪದ ಕಾರಣವೇನೂ ಇರಲಿಲ್ಲ. ಅತ್ತೆಯವರಿಗೆ ಮಂಡಿನೋವು ಹೆಚ್ಚಾಗಿ, ಆಸ್ಪತ್ರೆಗೆ ಹತ್ತಿರದಲ್ಲಿ, ಒಂದು ಕೋಣೆ ಹೆಚ್ಚಿರುವ ಮನೆ ಬೇಕಾಗಿತ್ತು. ನನ್ನ ಗಂಡ ಮತ್ತು ನಾನು ಕರ್ನಾಟಕದಿಂದ ಬಂದು, ಮೊದಲು ಕಾಯಂ ನಿವಾಸಿಗಳಾಗಿ, ಆಮೇಲೆ ಪ್ರಜೆಗಳಾಗಿ, ಅದೇ ನಾಲ್ಕು ಕೋಣೆಯ ಫ್ಲಾಟಿನಲ್ಲಿ ಮಗಳನ್ನು ಬೆಳೆಸಿದವರು. ನಮ್ಮ ಗುರುತಿನ ಚೀಟಿಯಲ್ಲಿ ಜನಾಂಗದ ಮುಂದೆ ‘ಇಂಡಿಯನ್’ ಎಂದಿದೆ. ತಮಿಳರು, ಪಂಜಾಬಿಗಳು, ಮಲಯಾಳಿಗಳು, ಗುಜರಾತಿಗಳು, ನಮ್ಮಂಥ ಕನ್ನಡಿಗರು ಎಲ್ಲರೂ ಆ ಒಂದೇ ಶಬ್ದದೊಳಗೆ ಬರುತ್ತೇವೆ. ಕೋಟಾದ ಲೆಕ್ಕದಲ್ಲಿ ಯುರೇಷಿಯನ್ನರು (ಯುರೋಪ್ ಮತ್ತು ಏಷ್ಯಾದ ಮಿಶ್ರ ಮೂಲದವರು) ಮತ್ತು ಇನ್ನಿತರರು ಸಹ ನಮ್ಮ ಜೊತೆಗೇ ಸೇರುತ್ತಾರೆ. ಊರಿನಲ್ಲಿದ್ದಾಗ ನಮ್ಮ ಭಾಷೆ ಯಾವುದು, ಜಾತಿ ಯಾವುದು ಎಂದು ಕೇಳಿದವರುಂಟು, ಜನಾಂಗ ಯಾವುದೆಂದು ಯಾರೂ ಕೇಳಿದ್ದಿಲ್ಲ. ಇಲ್ಲಿ ಅದು ನಮ್ಮ ಮನೆಯ ಬೆಲೆಯೊಳಗೇ ಸೇರಿಕೊಂಡಿತು.

ವಿಧಾನದ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಮಾರುವವರು ಮೊದಲು ‘ಇಂಟೆಂಟ್ ಟು ಸೆಲ್’ ಎಂಬ ನೋಂದಣಿ ಮಾಡಿಸಬೇಕು. ಅದಾಗಿ ಏಳು ದಿನ ಕಳೆಯದೆ ಯಾರಿಗೂ ‘ಆಪ್ಷನ್’ ಪತ್ರ, ಅಂದರೆ ಮನೆಯನ್ನು ಕೊಳ್ಳುವ ಹಕ್ಕನ್ನು ಕಾಯ್ದಿರಿಸುವ ಪತ್ರ, ಕೊಡುವಂತಿಲ್ಲ. ಆಪ್ಷನ್ ಪಡೆಯುವವರು ಹೆಚ್ಚೆಂದರೆ 1,000 ಡಾಲರ್ ಕೊಟ್ಟು 21 ದಿನಗಳ ಕಾಲಾವಕಾಶ ಪಡೆಯುತ್ತಾರೆ. ಮುಂದುವರಿಯುವುದಾದರೆ ಇನ್ನಷ್ಟು ಮುಂಗಡ ಸೇರಿಸುತ್ತಾರೆ. ಆಮೇಲೆ ಇಬ್ಬರೂ ಅರ್ಜಿ ಸಲ್ಲಿಸಬೇಕು, ಅದು ಸ್ವೀಕೃತವಾದ ಸುಮಾರು ಎಂಟು ವಾರಗಳಲ್ಲಿ ಮನೆ ಕೈ ಬದಲಾಗುತ್ತದೆ. ಇದೆಲ್ಲ ಅಚ್ಚುಕಟ್ಟಾಗಿ ನಡೆಯುತ್ತದೆ, ಲಂಚ ಕೊಡುವ, ಪರಿಚಯ ಹೇಳಿಕೊಳ್ಳುವ ಪ್ರಸಂಗ ಎಲ್ಲಿಯೂ ಬರುವುದಿಲ್ಲ. ನಾವು ಮಾತಾಡಿದ ಅಧಿಕಾರಿಗಳು ಸಹನೆಯಿಂದ, ಸ್ಪಷ್ಟವಾಗಿ ಉತ್ತರಿಸಿದರು. ನನ್ನ ತಕರಾರು ಯಾವ ವ್ಯಕ್ತಿಯ ಮೇಲೂ ಅಲ್ಲ.

ನಮ್ಮ ಏಜೆಂಟ್ ಚೀನೀ ಹೆಂಗಸು, ಅನುಭವಸ್ಥೆ. ಮನೆಯೆಲ್ಲ ಅಳೆದು, ಕಿಟಕಿಗಳಿಂದ ಗಾಳಿ ಬರುವುದನ್ನು ಮೆಚ್ಚಿ, ಕೊನೆಗೆ ಊಟದ ಮೇಜಿನ ಮುಂದೆ ಕುಳಿತು ಎರಡು ಬೆಲೆಗಳನ್ನು ಕಾಗದದ ಮೇಲೆ ಬರೆದರು. ಮೇಲಿನದು ಇದೇ ಅಂತಸ್ತಿನ, ಇದೇ ಅಳತೆಯ ಮನೆಗೆ ಚೀನೀ ಮಾಲೀಕರು ನಿರೀಕ್ಷಿಸಬಹುದಾದ ಬೆಲೆ, ಕೆಳಗಿನದು ನಾವು ನಿರೀಕ್ಷಿಸಬಹುದಾದದ್ದು. ಎರಡರ ನಡುವೆ ಹತ್ತಾರು ಸಾವಿರ ಡಾಲರ್ ಅಂತರವಿತ್ತು. “ಮ್ಯಾಡಮ್, ಮನೆಯಲ್ಲಿ ಏನೂ ಕೊರತೆ ಇಲ್ಲ, ಕೋಟಾ ಅಷ್ಟೇ” ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಮಾತಿನಲ್ಲಿ ಕರುಣೆ ಇತ್ತು; ಆ ಕರುಣೆಗೆ ಮಾಡಲು ಏನೂ ಇರಲಿಲ್ಲ.

ಅದೇ ತಿಂಗಳು ನಮ್ಮ ಅಂತಸ್ತಿನ ತುದಿಯ ಮನೆಯ ಚೀನೀ ಆಂಟಿಯೂ ಮನೆ ಮಾರಿದರು. ಮಗಳು ಚಿಕ್ಕವಳಿದ್ದಾಗ ನಾನು ಕೆಲಸದಿಂದ ಬರುವುದು ತಡವಾದರೆ ಅವಳನ್ನು ಒಳಗೆ ಕರೆದು ಕೂರಿಸಿಕೊಳ್ಳುತ್ತಿದ್ದವರು ಅವರು. ಚೀನೀ ಹೊಸವರ್ಷಕ್ಕೆ ನಮಗೆ ಕಿತ್ತಳೆ ಬರುತ್ತಿತ್ತು, ದೀಪಾವಳಿಗೆ ನಮ್ಮಿಂದ ಚಕ್ಕುಲಿ ಹೋಗುತ್ತಿತ್ತು. ಶನಿವಾರ ಅವರ ಬಾಗಿಲಿನಲ್ಲಿ ಚಪ್ಪಲಿಗಳ ಸಾಲು ಕಾಣುತ್ತಿತ್ತು. ಸ್ವಲ್ಪ ದಿನಗಳಲ್ಲೇ ಅವರ ಮನೆ ಮಾರಾಟವಾಯಿತು. ನಮ್ಮದು ಇನ್ನೂ ಉಳಿದಿರುವುದು ಏಕೆಂದು ಅವರು ಕೇಳಿದಾಗ ಕೋಟಾದ ವಿಷಯ ವಿವರಿಸಿದೆ. ಅಷ್ಟು ವರ್ಷ ಅದೇ ಬ್ಲಾಕಿನಲ್ಲಿದ್ದರೂ ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ಬಹುಸಂಖ್ಯಾತರು ಕೆಟ್ಟವರೆಂದು ನಾನು ಎಂದೂ ಭಾವಿಸಿಲ್ಲ. ಆದರೆ ಒಂದು ನಿಯಮ ಯಾರನ್ನು ತಾಗುವುದಿಲ್ಲವೋ ಅವರ ಕಣ್ಣಿಗೆ ಅದು ಬೀಳುವುದೂ ಇಲ್ಲ ಎಂಬುದು ಅಂದು ನನಗೆ ಚೆನ್ನಾಗಿ ಅರ್ಥವಾಯಿತು.

ನಮ್ಮಲ್ಲಿಗೆ ಮನೆ ನೋಡಲು ಬಂದವರು ಕಡಿಮೆ, ಬಂದವರಿಗೆಲ್ಲ ನಮ್ಮ ಪರಿಸ್ಥಿತಿ ಗೊತ್ತಿತ್ತು. ಭಾರತೀಯ ಗಂಡ, ಚೀನೀ ಹೆಂಡತಿ ಇದ್ದ ಯುವ ದಂಪತಿಗಳು ಬಂದರು. ಅಂಥ ಮಿಶ್ರ ಕುಟುಂಬಗಳು ಇಬ್ಬರಲ್ಲಿ ಯಾರ ಜನಾಂಗವನ್ನಾದರೂ ಕೋಟಾಕ್ಕೆ ಆರಿಸಿಕೊಳ್ಳಬಹುದು. ಗಂಡನದನ್ನು ಆರಿಸಿಕೊಂಡರೆ ನಮ್ಮ ಮನೆ ಅವರಿಗೆ ಸಿಗುತ್ತಿತ್ತು. ಮನೆ ಅವರಿಗೆ ಹಿಡಿಸಿತು. ಆದರೆ ಮುಂದೆ ತಾವು ಮಾರುವಾಗಲೂ ಈ ತೊಡಕು ಉಳಿಯುತ್ತದೆಯೆಂದು ಹೆಂಡತಿ ಲೆಕ್ಕ ಹಾಕಿದರು, ಮತ್ತೆ ಬರಲಿಲ್ಲ. ಇನ್ನೊಬ್ಬರು ಚೌಕಾಸಿ ಮಾಡುತ್ತ, ನಿಮಗೆ ಬೇರೆ ಯಾರು ಸಿಗುತ್ತಾರೆ ಎಂದು ನೇರವಾಗಿ ಕೇಳಿದರು. ಅವರೂ ಭಾರತೀಯರೇ. ನಮ್ಮವರಿಂದಲೇ ಆ ಮಾತು ಕೇಳಿದ್ದು ಹೆಚ್ಚು ನೋಯಿಸಿತು, ಆದರೂ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಕೊಳ್ಳುಗರು ಕಡಿಮೆ ಇದ್ದಲ್ಲಿ ಬೆಲೆ ಇಳಿಯುತ್ತದೆ; ಆ ಕೊರತೆಯನ್ನು ಹುಟ್ಟಿಸಿದ್ದು ಅವರಲ್ಲ.

ಆ ದಿನಗಳಲ್ಲಿ ನಾವು ಈ ಮನೆ ಕೊಂಡ ಸಂದರ್ಭ ಮತ್ತೆ ಮತ್ತೆ ನೆನಪಾಗುತ್ತಿತ್ತು. ನಮಗೆ ಮಾರಿದ್ದು ಒಂದು ಮಲಯ ಕುಟುಂಬ. ಅಕ್ಕಪಕ್ಕದ ಮನೆಗಳಿಗಿಂತ ಬೆಲೆ ಕಡಿಮೆ ಇತ್ತೆಂದು ನಾವು ಸಂತೋಷಪಟ್ಟಿದ್ದೆವು. ಚೀನೀಯರ ಮಿತಿ ಆಗಲೇ ತುಂಬಿತ್ತು ಎಂಬುದು ಕಾಗದಪತ್ರಗಳಲ್ಲಿ ಇತ್ತು. ಅಂದರೆ ನಮಗೆ ಸಿಕ್ಕ ರಿಯಾಯಿತಿ ಆ ಕುಟುಂಬದ ನಷ್ಟ, ಈಗ ಅದೇ ನಷ್ಟ ನಮ್ಮ ಕೈಗೆ ಬಂದಿತ್ತು. ನಾವು ಅಗ್ಗಕ್ಕೆ ಕೊಂಡದ್ದರಿಂದ ಅಗ್ಗಕ್ಕೆ ಮಾರಿದರೆ ಲೆಕ್ಕ ಸಮವಾಯಿತಲ್ಲ ಎಂದು ಹೇಳುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಕಟ್ಟಿದ ಸರ್ಕಾರದಿಂದಲೇ ಹೊಸ ಮನೆ ಕೊಂಡವರಿಗೆ ಅಂಥ ರಿಯಾಯಿತಿ ಸಿಕ್ಕಿರುವುದಿಲ್ಲ. ಕೊಂಡಾಗ ತುಂಬಿರದ ಮಿತಿ ಮಾರುವಾಗ ತುಂಬಿರಬಹುದು. ಅದಲ್ಲದೆ ನಷ್ಟವು ಒಂದು ಅಲ್ಪಸಂಖ್ಯಾತ ಕುಟುಂಬದಿಂದ ಇನ್ನೊಂದಕ್ಕೆ ದಾಟುತ್ತ ಹೋಗುವುದನ್ನು ಸಮಾನತೆ ಎಂದು ಕರೆಯಲಾಗದು. ಇಲ್ಲಿ ಹೆಚ್ಚಿನ ಕುಟುಂಬಗಳಿಗೆ ಇರುವ ದೊಡ್ಡ ಆಸ್ತಿ ಈ ಫ್ಲಾಟೊಂದೇ. ಸಿಪಿಎಫ್ ಎಂಬ ಭವಿಷ್ಯನಿಧಿಯಿಂದ ಮನೆಗೆ ತೆಗೆದ ಹಣವನ್ನು ಮಾರಿದಾಗ ಬಡ್ಡಿ ಸಮೇತ ಆ ಖಾತೆಗೆ ಹಿಂತಿರುಗಿಸಬೇಕು. ಬೆಲೆಯಲ್ಲಿ ಇಳಿದ ಪ್ರತಿಯೊಂದು ಸಾವಿರವೂ ಮುಂದಿನ ಮನೆಯ ಮುಂಗಡದಿಂದ ಅಥವಾ ಮುಪ್ಪಿನ ಉಳಿತಾಯದಿಂದ ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕೋಟಾವನ್ನೇ ಕಿತ್ತು ಹಾಕಬೇಕೇ ಎಂದು ಕೇಳಿದರೆ, ಬೇಡ ಎಂದೇ ಹೇಳುತ್ತೇನೆ. ನನ್ನ ಈ ಉತ್ತರಕ್ಕೆ ಕಾರಣ ಮನೆ ಕೊಳ್ಳುವ ಮೊದಲಿನ ವರ್ಷಗಳ ಅನುಭವ. ಈ ದೇಶಕ್ಕೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಹುಡುಕುವಾಗ, ಇಂಡಿಯನ್ನರು ಬೇಡ, ಚೀನಾ ದೇಶದಿಂದ ಬಂದವರು ಬೇಡ ಎಂದು ಬರೆದಿದ್ದ ಜಾಹೀರಾತುಗಳನ್ನು ಓದಿದ್ದೇವೆ. ಹಾಗೆ ಬರೆಯದವರು ಫೋನಿನಲ್ಲಿ ಹೆಸರು ಕೇಳಿದ ಮೇಲೆ ಮನೆ ಈಗಷ್ಟೇ ಹೋಯಿತು ಎನ್ನುತ್ತಿದ್ದರು. ಒಬ್ಬರು ಮಾತ್ರ ಬಿಚ್ಚಿ ಹೇಳಿದರು: “ನಿಮ್ಮ ಅಡುಗೆಯ ವಾಸನೆ ಗೋಡೆಗೆ ಹತ್ತುತ್ತದೆ, ಆಮೇಲೆ ಹೋಗುವುದಿಲ್ಲ.” ನನ್ನ ಗಂಡ ಆ ರಾತ್ರಿ ಊಟಕ್ಕೆ ಒಗ್ಗರಣೆ ಹಾಕಲು ಬಿಡಲಿಲ್ಲ. ನಾವಿದ್ದದ್ದು ಬೇರೊಬ್ಬರ ಮನೆಯ ಒಂದು ಕೋಣೆಯಲ್ಲಿ. ಆ ಕೋಣೆಯನ್ನೂ ಕಳೆದುಕೊಂಡರೆ ಏನು ಗತಿ ಎಂಬ ಭಯ ಅವರನ್ನು ಹಿಡಿದಿತ್ತು. ಉದ್ಯೋಗದಲ್ಲಿ ಜನಾಂಗಭೇದ ಮಾಡುವುದನ್ನು ನಿಷೇಧಿಸುವ ಕಾನೂನಿಗೆ ಇಲ್ಲಿನ ಸಂಸತ್ತು 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಬಾಡಿಗೆ ಮನೆಯ ಮಾಲೀಕ ಮಾತ್ರ ಇಂದಿಗೂ ತನಗೆ ಬೇಡವಾದವರನ್ನು ಹೊರಗಿಡಬಲ್ಲ.

ಆದ್ದರಿಂದ ಎಲ್ಲವನ್ನೂ ಮಾರುಕಟ್ಟೆಗೆ ಬಿಟ್ಟರೆ ನಮ್ಮಂಥವರಿಗೆ ಎಲ್ಲೆಡೆ ಬಾಗಿಲು ತೆರೆಯುತ್ತದೆ ಎಂದು ನಾನು ನಂಬುವುದಿಲ್ಲ. ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ ಎಂಬ ತೆರೆದ ಜಾಗದಲ್ಲಿ ಒಂದು ವಾರ ಮಲಯರ ಮದುವೆ, ಇನ್ನೊಂದು ವಾರ ಚೀನೀಯರ ಶವಸಂಸ್ಕಾರದ ಪೂಜೆ ನಡೆಯುವುದನ್ನು ನೋಡುತ್ತ ನನ್ನ ಮಗಳು ಬೆಳೆದಳು. ಯಾರ ಮದುವೆಯಲ್ಲಿ ಏನು ಉಡುಗೊರೆ ಕೊಡಬೇಕು, ಯಾರ ಮನೆಯ ಸಾವಿಗೆ ಹೇಗೆ ಹೋಗಿ ಬರಬೇಕು ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ ದಿನವೂ ಹೇಳುತ್ತಿದ್ದ ಪ್ರತಿಜ್ಞೆಯಲ್ಲಿ ಜನಾಂಗ, ಭಾಷೆ, ಧರ್ಮಗಳ ಭೇದವಿಲ್ಲದೆ ಎಂಬ ಮಾತು ಬರುತ್ತದೆ; ಆ ಮಾತಿಗೆ ಅರ್ಥ ಬಂದದ್ದು ಅವಳು ಲಿಫ್ಟಿನಲ್ಲಿ ದಿನವೂ ಯಾರ ಜೊತೆ ನಿಂತಿದ್ದಳೋ ಅದರಿಂದ. ಇಂಥ ಬೆರೆತ ಬದುಕು ತಾನಾಗಿ ಆಗುತ್ತಿತ್ತೇ ಎಂಬ ಬಗ್ಗೆ ನನಗೆ ಸಂದೇಹವಿದೆ.

ಕೋಟಾದಿಂದ ಸಿಲುಕಿಕೊಂಡವರಿಗೆ ದಾರಿಗಳೇ ಇಲ್ಲವೆಂದಲ್ಲ. ವಿನಾಯಿತಿ ಕೋರಿ ಮನವಿ ಸಲ್ಲಿಸಬಹುದು, ಮಾರಲು ಹೆಚ್ಚು ಕಾಲಾವಕಾಶ ಕೇಳಬಹುದು. 2022ರಿಂದ, ಬಹುಕಾಲ ಒಡೆತನದಲ್ಲಿದ್ದು, ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಮಾರಲಾಗದ ಫ್ಲಾಟುಗಳನ್ನು ವಸತಿ ಮಂಡಳಿಯೇ ಕೊಳ್ಳುವ ಏರ್ಪಾಡು ಬಂದಿದೆ. ಅಲ್ಪಸಂಖ್ಯಾತರಿಗೆ ಹೆಚ್ಚು ಹೊರೆಯಾಗುತ್ತಿದೆ ಎಂಬುದನ್ನು ಸರ್ಕಾರ ಒಪ್ಪಿಕೊಂಡಿತೆಂಬ ಕಾರಣಕ್ಕೇ ಅದು ಮುಖ್ಯವಾದ ಹೆಜ್ಜೆ. ಆದರೆ ಅದು ಕೊನೆಯ ಆಸರೆ, ಬೇರೆ ಎಲ್ಲ ದಾರಿ ಮುಚ್ಚಿದವರಿಗೆ. ಕೊಳ್ಳುಗರು ಸಿಗುತ್ತಾರೆ, ಆದರೆ ಕಡಿಮೆ ಬೆಲೆಗೆ ಮಾತ್ರ ಸಿಗುತ್ತಾರೆ ಎನ್ನುವ ನಮ್ಮಂಥವರ ಕಷ್ಟ ಅದರೊಳಗೆ ಬರುವುದಿಲ್ಲ.

ಕೊನೆಗೆ ನಮ್ಮ ಮನೆಯನ್ನು ಕೊಂಡದ್ದು ಒಂದು ಮಲಯ ಕುಟುಂಬ. ಗಂಡ ಬಸ್ ಚಾಲಕರು, ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವರು, ಮೂವರು ಮಕ್ಕಳು. ಅವರು ಹೇಳಿದ ಬೆಲೆ ಏಜೆಂಟ್ ಬರೆದ ಕೆಳಗಿನ ಬೆಲೆಗಿಂತಲೂ ಸ್ವಲ್ಪ ಕಡಿಮೆ ಇತ್ತು; ಒಂದಿಷ್ಟು ಏರಿಸಿದರು, ನಾವು ಒಂದಿಷ್ಟು ಇಳಿದೆವು. ಆಪ್ಷನ್ ಪತ್ರಕ್ಕೆ ಸಹಿ ಮಾಡುವ ಮೊದಲು ಚೀನೀಯರ ಮಿತಿ ತುಂಬಿರುವುದನ್ನೂ ಮುಂದೆ ಅವರು ಮಾರುವಾಗ ಏನಾಗಬಹುದು ಎಂಬುದನ್ನೂ ನಾನು ಬಿಡಿಸಿ ಹೇಳಿದೆ. “ಗೊತ್ತು ಅಕ್ಕ, ನನ್ನ ತಂದೆ ಮನೆ ಮಾರುವಾಗಲೂ ಇದೇ ಆಯಿತು” ಎಂದರು ಆತ. ಮಲಯರು ಅಕ್ಕನಿಗೆ ಕಾಕ್ ಎನ್ನುತ್ತಾರೆ. ಮೊದಲ ದಿನದಿಂದಲೂ ಅವರು ನನ್ನನ್ನು ಹಾಗೆಯೇ ಕರೆಯುತ್ತಿದ್ದರು.

ಹಣ ಪಾವತಿಯಾಗಿ ಬೀಗದ ಕೈ ಒಪ್ಪಿಸಿದ ಮೇಲೆ, ನಮ್ಮ ಕ್ಷೇತ್ರದ ಸಂಸತ್ ಸದಸ್ಯರು ಜನರ ಅಹವಾಲು ಕೇಳಲು ಕೂರುವ ಸಂಜೆ ಒಂದು ಪತ್ರ ತೆಗೆದುಕೊಂಡು ಹೋದೆ. ನಮ್ಮ ವ್ಯವಹಾರ ಮುಗಿದಿರುವುದರಿಂದ ನನಗೆ ವೈಯಕ್ತಿಕವಾಗಿ ಏನೂ ಬೇಡವೆಂದು ಮೊದಲೇ ಹೇಳಿದೆ. ಪತ್ರದಲ್ಲಿ ಎರಡು ಕೋರಿಕೆಗಳಿದ್ದವು. ಮಿತಿ ತುಂಬಿದ ಬ್ಲಾಕಿನಲ್ಲಿ ಅಲ್ಪಸಂಖ್ಯಾತ ಮಾಲೀಕರು ಮನೆ ಮಾರುವಾಗ, ಅಂಥದೇ ಮನೆಗಳು ಚೀನೀ ಮಾಲೀಕರಿಂದ ಯಾವ ಬೆಲೆಗೆ ಮಾರಾಟವಾಗಿವೆ ಎಂಬುದರೊಂದಿಗೆ ಹೋಲಿಸಿ ಅಂತರವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ನಷ್ಟ ಎಷ್ಟೆಂಬುದು ಎಲ್ಲರಿಗೂ ಕಾಣದೆ ಅದರ ಬಗ್ಗೆ ನ್ಯಾಯವಾದ ಚರ್ಚೆ ಆಗದು. ಎರಡನೆಯದಾಗಿ, ಆ ಅಂತರದ ಒಂದು ಪಾಲನ್ನು ಸಾರ್ವಜನಿಕ ಬೊಕ್ಕಸದಿಂದ ತುಂಬಿಕೊಡಬೇಕು. ಬೊಕ್ಕಸಕ್ಕೆ ಎಲ್ಲ ಜನಾಂಗದವರೂ ತೆರಿಗೆ ಕಟ್ಟುತ್ತಾರೆ, ಬೆರೆತು ಬಾಳುವ ಬಡಾವಣೆಗಳ ಫಲವೂ ಎಲ್ಲರಿಗೂ ಸಿಗುತ್ತದೆ.

ಅಲ್ಲಿ ಬರೆದುಕೊಳ್ಳುತ್ತಿದ್ದ ಸ್ವಯಂಸೇವಕ ಚೀನೀ ಯುವಕ, ಕಾಲೇಜು ವಿದ್ಯಾರ್ಥಿಯಂತೆ ಕಾಣುತ್ತಿದ್ದ. ಎರಡನೆಯ ಕೋರಿಕೆ ಓದಿ, ಹಾಗಾದರೆ ಇದಕ್ಕೆ ತನ್ನ ಅಪ್ಪ ಅಮ್ಮನೂ ಹಣ ಕೊಟ್ಟಂತಾಗುತ್ತದೆಯೇ ಎಂದು ಕೇಳಿದ. ಹೌದು, ನಾನೂ ಕೊಟ್ಟಂತಾಗುತ್ತದೆ ಎಂದೆ. ಅವನು ಸ್ವಲ್ಪ ಯೋಚಿಸಿ, ಚೀನೀಯರ ಮಿತಿ ತುಂಬಿದಾಗ ಯಾರು ಯಾರಿಗೆ ಮಾರಬಹುದೆಂದು ಮತ್ತೊಮ್ಮೆ ವಿವರಿಸಲು ಹೇಳಿ, ನಾನು ಹೇಳಿದ್ದನ್ನು ಸಚಿವಾಲಯಕ್ಕೆ ಹೋಗುವ ಪತ್ರದಲ್ಲಿ ತನ್ನ ಮಾತುಗಳಲ್ಲಿ ಬರೆದು, ಸರಿಯಾಗಿದೆಯೇ ಎಂದು ನನಗೆ ಓದಿ ಹೇಳಿದ. ಒಂದು ವಾಕ್ಯವನ್ನು ಮಾತ್ರ ತಿದ್ದಿಸಿದೆ. ಭಾರತೀಯ ಮಾಲೀಕರಿಗೆ ಆಗುವ ನಷ್ಟ ಎಂದು ಅವನು ಬರೆದಿದ್ದಲ್ಲಿ ಮಲಯ ಮಾಲೀಕರನ್ನೂ ಸೇರಿಸಲು ಹೇಳಿದೆ.